ಬಾಯಲ್ಲಿ ಹಿಡಿದ ನೀರು

ನಮ್ಮ ಮನೆತನದಲ್ಲಿ ದವಾಖಾನೆಯಲ್ಲಿ ಹಡೆದವಳು ನಾನೇ ಮೊದಲು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಆಗ ಹೆಂಗಸನ್ನು ದವಾಖಾನೆಗೆ ಒಯ್ದರೆಂದರೆ ಮನೆಯವರು ಕೈಚೆಲ್ಲಿ ಕೂತಿದ್ದಾರೆ ಎಂದೇ ಊರು ತಿಳಿಯುತ್ತಿತ್ತು. ನಾನು ಕಿಣ್ಣಿ ಸುಲ್ತಾನದ ಮಗಳು. ಕೊಟ್ಟದ್ದು ಅಫಜಲಪುರದ ಕಡೆಯ ಗೊಬ್ಬೂರಿಗೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಏಳನೆಯ ತಿಂಗಳಿಗೆ ಕರೆತಂದಿದ್ದರು. ಅದು ನಾಲ್ವತ್ತೆಂಟನೆಯ ಇಸವಿಯ ಬೇಸಿಗೆ. ನನಗೆ ಹದಿನೇಳು. ಎರಡು ಹಗಲು ಎರಡು ರಾತ್ರಿ ಬೇನೆ ತಿಂದ ಮೇಲೆ ಊರಿನ ಸೂಲಗಿತ್ತಿ ಕೈ ತೊಳೆದುಕೊಂಡು ಹೊರಗೆ ಬಂದು, "ಇದು ನನ್ನ ಕೈಲೆ ಆಗೂದಲ್ರಿ, ಆಳಂದಕ್ಕ ಒಯ್ರಿ" ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಗಾಡಿ ಹೂಡಿದ.

ಆಳಂದ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಆಮೇಲಿನ ಒಂದು ತಾಸು ನನಗೆ ನೆನಪಿಲ್ಲ, ನೆನಪಿಡುವ ಮನಸ್ಸೂ ಇಲ್ಲ. ಕಣ್ಣು ಬಿಟ್ಟಾಗ ಮಗ್ಗುಲಲ್ಲಿ ಹೆಣ್ಣುಕೂಸು ಇತ್ತು. ಕಾಲ ಕಡೆ ಅವ್ವ ನಿಂತಿದ್ದಳು, ತಲೆ ಕಡೆ ನರ್ಸಬಾಯಿ ನಿಂತಿದ್ದಳು. ಮುಂದಿನ ಒಂಬತ್ತು ದಿನ ನಾನು ಆ ಇಬ್ಬರ ನಡುವೆಯೇ ಬಿದ್ದಿದ್ದೆ.

ನರ್ಸಬಾಯಿ ನಡುವಯಸ್ಸಿನ ಗಟ್ಟಿ ಹೆಂಗಸು. ಬಿಳಿ ಸೀರೆ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಯಾವ ಸೀಮೆಯವಳೋ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮಾತು, ಉರ್ದು, ಮರಾಠಿ ಮೂರರಲ್ಲೂ ಗದರಿಸುತ್ತಿದ್ದಳು. ಡಾಕ್ಟರ ಸಾಹೇಬರು ಗಂಡಸಾದ್ದರಿಂದ ಪರದೆಯ ಆಚೆ ನಿಂತು ಕೇಳುತ್ತಿದ್ದರು, ಇವಳು ಈಚೆಯಿಂದ ಉತ್ತರ ಕೊಡುತ್ತಿದ್ದಳು. ನನ್ನ ದೇಹದ ಸುದ್ದಿ ಅವರಿಬ್ಬರ ನಡುವೆ ಉರ್ದುವಿನಲ್ಲಿ ಓಡಾಡುತ್ತಿತ್ತು. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ನರ್ಸಬಾಯಿಯ ಕಾಯ್ದೆ ಇಷ್ಟು: ಹತ್ತು ದಿನ ಮಂಚದಿಂದ ಕಾಲು ಕೆಳಗಿಡಬಾರದು, ಕಿಟಕಿ ತೆರೆದಿರಬೇಕು, ದಿನಕ್ಕೆ ಎರಡು ತಂಬಿಗೆ ನೀರು ಕುಡಿಯಬೇಕು. ಅವ್ವನ ಕಾಯ್ದೆಯೂ ಅಷ್ಟೇ ಗಟ್ಟಿ: ಕಿಟಕಿಯಿಂದ ಒಂದೆಳೆ ಗಾಳಿ ಬರಬಾರದು, ಮಂಚದ ಕೆಳಗೆ ಕೆಂಡದ ಕಾವು ಇರಬೇಕು, ಹನ್ನೊಂದು ದಿನ ಒಂದು ಹನಿ ತಣ್ಣೀರು ಗಂಟಲಿಗೆ ಇಳಿಯಬಾರದು. ಮಂಚದಿಂದ ಏಳಬಾರದು ಎನ್ನುವುದೊಂದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು.

ಮೊದಲ ದಿನವೇ ಜಗಳ ಹತ್ತಿತು. ಅವ್ವ ದವಾಖಾನೆಯ ಹಿಂದೆ ಯಾರದೋ ಒಲೆಯಿಂದ ಒಡೆದ ಗಡಿಗೆಯಲ್ಲಿ ಕೆಂಡ ತಂದು, ಸೆರಗಿನಲ್ಲಿ ಮರೆಮಾಡಿ, ಕಬ್ಬಿಣದ ಮಂಚದ ಕೆಳಗೆ ಇಟ್ಟು ಮೇಲೆ ಲೋಬಾನ ಉದುರಿಸಿದಳು. ಹೊಗೆ ಕೋಣೆ ತುಂಬಿತು. ಅತ್ತ ಮೂಲೆಯ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಮುದುಕಿ ಬೆಂಕಿ ಬಿತ್ತೆಂದು ಬೊಬ್ಬೆ ಹೊಡೆದಳು. ನರ್ಸಬಾಯಿ ಓಡಿ ಬಂದು ಗಡಿಗೆಯನ್ನು ಹೊರಗೆ ಎಸೆದು, "ಗಾದಿ ಸುಟ್ಟರ ಸರಕಾರಕ್ಕ ಯಾರ್ ಜವಾಬು ಕೊಡಬೇಕು? ನೀ ಕೊಡ್ತೀಯೇನು?" ಎಂದು ಕಿರುಚಿದಳು. ಅವ್ವ ಸೆರಗು ಹೊದ್ದುಕೊಂಡು ತಣ್ಣಗೆ, "ಗಾದಿ ನಿಮ್ದದರಿ ಬಾಯಾರ, ಮಗಳು ನನ್ನಾಕಿ ಅದಾಳ" ಎಂದಳು. ನನಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಅದಕ್ಕೆ ಹಲ್ಲು ಕಚ್ಚಿಕೊಂಡೆ.

ನಗು ಅಲ್ಲಿಗೇ ಮುಗಿಯಿತು. ಮಾರನೆಯ ದಿನದಿಂದ ನೀರಡಿಕೆ ಶುರುವಾಯಿತು.

ಬಾಣಂತಿಗೆ ಏನು ತಿನ್ನಿಸುತ್ತಿದ್ದರೆಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಮೆಣಸಿನ ಪುಡಿ, ಸುಟ್ಟ ಬೆಳ್ಳುಳ್ಳಿ, ಒಣಕೊಬ್ಬರಿ, ಅಂಟಿನುಂಡಿ, ತುಪ್ಪದಲ್ಲಿ ಅದ್ದಿದ ಬಿಸಿ ಅನ್ನ. ಎಲ್ಲವೂ ಒಳಗೆ ಉರಿಯುವಂಥವು. ಕುಡಿಯಲು ಮುಂಜಾನೆ ಒಂದು ಸಣ್ಣ ಬಟ್ಟಲು, ಸಂಜೆ ಒಂದು ಸಣ್ಣ ಬಟ್ಟಲು ಅಜವಾನದ ಕಷಾಯ. ಹೊರಗೆ ನಮ್ಮ ಸೀಮೆಯ ಬಿಸಿಲು. ಎರಡನೆಯ ದಿನದ ಸಂಜೆಗೆ ನನ್ನ ನಾಲಿಗೆ ಅಂಗುಳಿಗೆ ಅಂಟಿ, ಮಾತಾಡಿದರೆ ಚಟ್ ಎನ್ನುತ್ತಿತ್ತು.

ನರ್ಸಬಾಯಿ ದಿನಾ ಬೆಳಗ್ಗೆ ತಾಮ್ರದ ತಂಬಿಗೆ ತುಂಬಿಸಿ ಸ್ಟೂಲಿನ ಮೇಲೆ ಇಟ್ಟು, "ಮಧ್ಯಾಹ್ನದ ಒಳಗ ಇದು ಖಾಲಿ ಆಗಿರಬೇಕು. ನೀರು ಒಳಗ ಹೋದ್ರ ಹಾಲು ಬರ್ತದ. ತಿಳೀತಿಲ್ಲೋ?" ಎಂದು ಹೋಗುತ್ತಿದ್ದಳು. ಅವಳ ಬೆನ್ನು ತಿರುಗಿದ್ದೇ ತಡ, ಅವ್ವ ತಂಬಿಗೆ ಎತ್ತಿ ಕಿಟಕಿಯಿಂದ ಹೊರಗೆ ಸುರಿಯುತ್ತಿದ್ದಳು. ನೀರು ಕಲ್ಲಿನ ಮೇಲೆ ಬೀಳುವ ಸದ್ದು ನಾನು ಮಲಗಿದಲ್ಲಿಂದಲೇ ಕೇಳುತ್ತಿತ್ತು. ಮಧ್ಯಾಹ್ನ ನರ್ಸಬಾಯಿ ಬಂದು ಖಾಲಿ ತಂಬಿಗೆ ನೋಡಿ, "ಶಾಬಾಸ್" ಎಂದು ಮತ್ತೆ ತುಂಬಿಸುತ್ತಿದ್ದಳು. ಅದೂ ಕಿಟಕಿಯ ಪಾಲೇ. ನಾನು ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೆತ್ತ ತಾಯಿಯ ಮೇಲೆ ಪರ ಹೆಂಗಸಿಗೆ ಚಾಡಿ ಹೇಳುವುದು ಹೇಗೆ?

"ಅವ್ವಾ, ಒಂದ್ ಗುಟುಕು" ಎಂದು ಅತ್ತಿದ್ದೇನೆ. ಸುಳ್ಳಲ್ಲ, ಕೈ ಮುಗಿದಿದ್ದೇನೆ.

"ನೀ ಕುಡದದ್ದು ಕೂಸಿಗಿ ಇಳೀತದ ಮಗಳ. ಥಂಡಿ ಆಗ್ತದ, ಸೆಟಕೊಂಡು ಹೋಗ್ತದ. ಹನ್ನೊಂದು ದಿನ ತಡಿ. ಎಲ್ಲಾರೂ ತಡದಾರ, ನಾನೂ ತಡದೀನಿ" ಎನ್ನುತ್ತ ಅವ್ವ ನನ್ನ ತಲೆ ಸವರುತ್ತಿದ್ದಳು. ಅವಳೇನು ಕ್ರೂರಿಯಲ್ಲ. ಆ ಒಂಬತ್ತು ದಿನ ಅವಳು ನೆಲದ ಮೇಲೆ, ಬರಿ ಚಾಪೆಯಲ್ಲಿ, ನನ್ನ ಮಂಚದ ಕಾಲು ಹಿಡಿದುಕೊಂಡೇ ಮಲಗಿದಳು. ಕ್ರೂರಿಯಾಗಿದ್ದರೆ ನನಗೆ ಸುಲಭವಿತ್ತು, ಬೈದು ಹಗುರಾಗುತ್ತಿದ್ದೆ. ಪ್ರೀತಿಯಿಂದ ಕಟ್ಟಿಹಾಕಿದರೆ ಬಿಡಿಸಿಕೊಳ್ಳುವುದು ಎಲ್ಲಿಂದ?

ಮೂರನೆಯ ದಿನ ಕೂಸಿಗೆ ಲಿಂಗ ಕಟ್ಟಲು ಅಯ್ಯನವರು ದವಾಖಾನೆಗೇ ಬಂದರು. ಕೂಸನ್ನು ಎತ್ತಿಕೊಂಡು, ವಿಭೂತಿ ಹಚ್ಚಿ, ದಾರ ಕಟ್ಟಿ, "ನಮಗ ಸೂತಕ ಇಲ್ಲವ್ವ, ತಾಯಿ ಮಗಳು ಇಬ್ಬರೂ ಮಡಿನೇ" ಎಂದು ಹರಸಿದರು. ನನಗೆ ಕೇಳಬೇಕೆನಿಸಿತು: ಸೂತಕ ಬಿಟ್ಟವರು ಈ ಪಥ್ಯ ಯಾಕ್ರಿ ಬಿಡಲಿಲ್ಲ? ನಾಲಿಗೆ ಏಳಲಿಲ್ಲ. ಅಯ್ಯನವರು ಹೋಗುವ ಮುಂಚೆ ಅದೇ ತಂಬಿಗೆಯಿಂದ ಗಟಗಟ ನೀರು ಕುಡಿದು, ಮೀಸೆ ಒರೆಸಿಕೊಂಡು ಹೋದರು. ಅವತ್ತು ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಇಡೀ ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ.

ಆ ದಿನವೇ ನನಗೆ ಜ್ವರ ಏರಿತು. ಎದೆ ಬರಿದು. ಕೂಸು ಬಾಯಿ ಹಾಕಿ ಎಳೆದು ಎಳೆದು, ಸೋತು, ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿತ್ತು. ನರ್ಸಬಾಯಿ ಆಡಿನ ಹಾಲಿಗೆ ಕಾಯಿಸಿದ ನೀರು ಬೆರೆಸಿ, ಅರಳೆಯ ಬತ್ತಿ ಅದ್ದಿ ಅದರ ತುಟಿಗೆ ಇಡುತ್ತಿದ್ದಳು. ಎರಡೇ ದಿನಕ್ಕೆ ಕೂಸಿನ ನೆತ್ತಿ ಒಳಗೆ ಸರಿಯಿತು. ಬೆರಳಿಟ್ಟರೆ ಗುಳಿ ಬಿದ್ದದ್ದು ತಿಳಿಯುತ್ತಿತ್ತು. "ಇಷ್ಟು ನೀರು ಕುಡೀತಿ, ಹಾಲು ಯಾಕ ಬರವಲ್ದು? ಎಲ್ಲಿ ಹೊಂಟದ ನೀರು?" ಎಂದು ನರ್ಸಬಾಯಿ ನನ್ನನ್ನೇ ಗದರಿಸಿದಳು. ನಾನು ಕಿಟಕಿಯ ಕಡೆ ನೋಡಿದೆ. ಅವ್ವ ನನ್ನ ಕಡೆ ನೋಡಿದಳು.

ಐದನೆಯ ದಿನ ಅಪ್ಪ ಊರಿನಿಂದ ಬಂದ. ಮುಖದಲ್ಲಿ ಕಳೆ ಇರಲಿಲ್ಲ. ಅದು ಗಲಾಟೆಯ ವರ್ಷ. ಗಡಿಯ ಆಚೆ ಸ್ವರಾಜ್ಯ ಬಂದು ಒಂಬತ್ತು ತಿಂಗಳಾಗಿತ್ತು, ಈಚೆ ನಮ್ಮದಿನ್ನೂ ನಿಜಾಮನ ರಾಜ್ಯ. ಊರುಗಳಲ್ಲಿ ಲೂಟಿ, ಬೆಂಕಿಯ ಸುದ್ದಿ. ಇದ್ದವರು ಇದ್ದಷ್ಟು ಕಟ್ಟಿಕೊಂಡು ಗಡಿ ದಾಟುತ್ತಿದ್ದರು. ಗೊಬ್ಬೂರಿನಿಂದ ನನ್ನ ಗಂಡನ ಮನೆಯವರ ಸುದ್ದಿಯೇ ಇರಲಿಲ್ಲ, ದಾರಿ ಕೆಟ್ಟಿತ್ತು. ಅಪ್ಪ ದನಿ ತಗ್ಗಿಸಿ ಹೇಳಿದ: "ನಮ್ಮೋರ ಗಾಡಿ ನಾಕ್ ದಿನಕ್ಕ ಖಜೂರಿ ಮ್ಯಾಲಿಂದ ಆ ಕಡಿ ಹೊಂಡ್ತಾವ. ಎಲ್ಲಾರೂ ಕೂಡೇ ಹೋಗಬೇಕು, ಒಂದೊಂದು ಗಾಡಿ ಹೋದ್ರ ಉಳಿಗಾಲಿಲ್ಲ."

ನರ್ಸಬಾಯಿ ಒಪ್ಪಲಿಲ್ಲ. "ಜ್ವರ ಇದ್ದ ಬಾಣಂತಿನ ಈ ಬಿಸಲಾಗ ಗಾಡ್ಯಾಗ ಒಯ್ದರ ಆಕಿ ಹೆಣ ಇಳಸ್ತೀರಿ. ನಾಕ್ ಸಲ ಒಂದೇ ಸಮ ಜ್ವರ ಇಲ್ಲಂತ ನನ್ನ ಕಡ್ಡಿ ಹೇಳಬೇಕು, ಆವಾಗ ಡಾಕ್ಟರ ಸಾಹೇಬರಿಗಿ ನಾನೇ ಹೇಳಿ ಬಿಡಸ್ತೀನಿ" ಎಂದಳು. ಅವಳ ಕಡ್ಡಿ ಎಂದರೆ ಬಾಯಿಯಲ್ಲಿ ಇಟ್ಟು ಜ್ವರ ನೋಡುವ ಗಾಜಿನ ಕಡ್ಡಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಇಡುತ್ತಿದ್ದಳು. ಮಗಳ ಜೀವ ಉಳಿಸಿದವಳ ಮಾತನ್ನು ಮೀರುವ ಧೈರ್ಯ ಅಪ್ಪನಿಗಿರಲಿಲ್ಲ. ಜ್ವರ ಇಳಿದರೆ ನಾವೂ ಗಾಡಿಯಲ್ಲಿ. ಇಳಿಯದಿದ್ದರೆ ಅವ್ವ, ನಾನು, ಕೂಸು ಇಲ್ಲೇ, ಉಳಿದವರು ಆಚೆ. ಅಪ್ಪ ಇಷ್ಟು ಹೇಳಿ, ಕೂಸಿನ ಮುಖ ನೋಡಿ, ತಲೆಯ ಪಟಗದ ಚುಂಗಿನಿಂದ ಕಣ್ಣು ಒರೆಸಿಕೊಂಡು ಹೋದ.

ಅವನು ಹೋದ ಮೇಲೆ ನಾನು ಛಾವಣಿಯ ತೊಲೆ ಎಣಿಸುತ್ತ ಮಲಗಿದೆ. ಏಳು ತೊಲೆ. ಎದ್ದು ಓಡಬೇಕೆಂದರೆ ಕಾಲು ಕೆಳಗಿಡುವಂತಿಲ್ಲ. ಕೂಗಬೇಕೆಂದರೆ ಗಂಟಲು ಒಣಗಿದೆ. ಎದೆಗೆ ಕೂಸನ್ನು ಹಚ್ಚಬೇಕೆಂದರೆ ಹಾಲಿಲ್ಲ. ಹಡೆದು ಜೀವ ಉಳಿಸಿಕೊಂಡದ್ದು ಇದಕ್ಕೇನಾ ಅನ್ನಿಸಿ ಗೋಡೆಗೆ ಮುಖ ಮಾಡಿ ಅತ್ತೆ. ಕಣ್ಣೀರು ತುಟಿಗೆ ಇಳಿದಾಗ ಅದನ್ನೂ ನೆಕ್ಕಿದೆ.

ಆರನೆಯ ದಿನ ಬೆಳಗ್ಗೆ ನರ್ಸಬಾಯಿ ಕಡ್ಡಿ ಇಡುವ ಮುಂಚೆ, "ಈಗೇನರೇ ನೀರು ಕುಡದೀಯೇನು? ಕುಡದ ಕೂಡ್ಲೇ ಕಡ್ಡಿ ಇಟ್ರ ಅದು ಸುಳ್ಳ ಹೇಳ್ತದ, ಜ್ವರ ಇದ್ರೂ ಇಲ್ಲಂತದ" ಎಂದು ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಪಾಪ, ತನ್ನ ಕಸುಬಿನ ಮಾತು ಹೇಳಿದಳು ಅಷ್ಟೆ. ಅವ್ವನ ಕಿವಿ ನಿಮಿರಿದ್ದು ನನಗೆ ಕಂಡಿತು.

ಸಂಜೆ ಕಡ್ಡಿಯ ಹೊತ್ತಿಗೆ ಅವ್ವ ತಂಬಿಗೆ ತಂದು ನನ್ನ ಮುಂದೆ ಹಿಡಿದಳು. ನನಗೆ ಕನಸೋ ನನಸೋ ತಿಳಿಯಲಿಲ್ಲ.

"ಬಾಯಾಗ ಹಿಡಿ. ನುಂಗಬ್ಯಾಡ ಮತ್ತ! ಆಕಿ ಸಪ್ಪಳ ಕೇಳ್ತನಕ ಹಿಡಕೊಂಡಿದ್ದು, ಈ ಬೋಗುಣ್ಯಾಗ ಉಗುಳು. ಕಡ್ಡಿ ಏನಂತದೋ ನೋಡೂಣು."

ಹನ್ನೊಂದು ದಿನ ಹನಿ ಮುಟ್ಟಬಾರದೆಂದವಳು ತುಂಬಿದ ತಂಬಿಗೆಯನ್ನು ಕೈಗೆ ಕೊಟ್ಟು, ತಾನು ಬಾಗಿಲಿಗೆ ಹೋಗಿ, ನನಗೆ ಬೆನ್ನು ಮಾಡಿ, ನರ್ಸಬಾಯಿಯ ಹೆಜ್ಜೆಗೆ ಕಾವಲು ನಿಂತಳು. ಬಾಣಂತಿಯ ಪಥ್ಯಕ್ಕೆ ಭಂಗ ಬರಬಾರದು, ದವಾಖಾನೆಯಿಂದಲೂ ಬಿಡುಗಡೆಯಾಗಬೇಕು. ಎರಡೂ ಆಗುತ್ತವೆಂದು ಅವಳ ಲೆಕ್ಕ. ಬಿಸಿ ತುಪ್ಪದ ಗಾದೆ ಎಲ್ಲರಿಗೂ ಗೊತ್ತು, ನುಂಗಲೂ ಆಗದು ಉಗುಳಲೂ ಆಗದು ಅಂತ. ಇದು ತಣ್ಣೀರು, ನುಂಗುವುದು ಬಹಳ ಸುಲಭವಿತ್ತು.

ನುಂಗಿದೆ.

ಬೇಕೆಂದು ನುಂಗಿದೆನೆಂದೂ ಹೇಳಲಾರೆ, ಬೇಡವೆಂದು ತಡೆದೆನೆಂದೂ ಹೇಳಲಾರೆ. ಬಾಯಿಗೆ ಬಂದ ನೀರು ತಾನೇ ಇಳಿಯಿತು. ಎದೆಯೊಳಗೆ ತಣ್ಣಗೆ ಒಂದು ಗೆರೆ ಎಳೆದಂತೆ ಹೋಯಿತು. ಮತ್ತೊಂದು ಗುಟುಕು, ಇನ್ನೊಂದು. ಸದ್ದಾಗದಂತೆ ನುಂಗಲು ಕುತ್ತಿಗೆ ಹಿಂದಕ್ಕೆ ಚಾಚಬೇಕೆಂದು ಆವತ್ತೇ ಕಲಿತೆ. ಕೊನೆಗೆ ಒಂದು ಬಾಯಿ ನೀರು ಹಿಡಿದುಕೊಂಡೆ. ಅವ್ವ ತಿರುಗಿ ಕೈಸನ್ನೆ ಮಾಡಿದಾಗ ಬೋಗುಣಿಗೆ ಉಗುಳಿದೆ. ಅವಳು ಬೋಗುಣಿ ನೋಡಿ, ಸಮಾಧಾನದಿಂದ, ತಂಬಿಗೆಯಲ್ಲಿ ಉಳಿದದ್ದನ್ನು ಕಿಟಕಿಗೆ ಸುರಿದಳು.

ಕಡ್ಡಿ ಜ್ವರ ಇಲ್ಲವೆಂದಿತು. ನರ್ಸಬಾಯಿ ಬೆಳಕಿಗೆ ಹಿಡಿದು ಎರಡು ಸಲ ನೋಡಿದಳು. ನಾನು ಕೂಸಿನ ಕಡೆ ಮುಖ ಮಾಡಿದೆ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವತ್ತು ರಾತ್ರಿಯಿಡೀ ನಾನು ಕೂಸಿನ ಮೂಗು, ಹೊಟ್ಟೆ, ಕೈಕಾಲು ಮುಟ್ಟಿ ಮುಟ್ಟಿ ನೋಡಿದೆ. ಸೆಟೆದುಕೊಳ್ಳುತ್ತದೆಯೋ, ಥಂಡಿ ಹತ್ತುತ್ತದೆಯೋ ಎಂದು ಹೆದರಿಕೆ. ನೀರು ಕುಡಿದದ್ದು ನಾನು, ಹೋಗುವುದು ಅದರ ಜೀವ. ನಾಳೆ ನುಂಗುವುದಿಲ್ಲವೆಂದು ಲಿಂಗ ಮುಟ್ಟಿ ಅಂದುಕೊಂಡೆ.

ಮರುದಿನ ಬೆಳಗ್ಗೆ ಮತ್ತೆ ನುಂಗಿದೆ. ಮೊದಲಿಗಿಂತ ಜಾಸ್ತಿಯೇ. ಸಂಜೆ ಅರ್ಧ ತಂಬಿಗೆ. ಎಂಟನೆಯ ದಿನ ಬೆಳಗ್ಗೆ ಅವ್ವ ಬಾಗಿಲಿನಿಂದ ತಿರುಗುವಷ್ಟರಲ್ಲಿ ತಂಬಿಗೆಯ ತಳ ಕಾಣುತ್ತಿತ್ತು. ಉಳಿದದ್ದು ಚೆಲ್ಲಿಹೋಯಿತೆಂದು ಅವಳಿಗೆ ತೋರಿಸಲು ಹಾಸಿಗೆಗೂ ಸ್ವಲ್ಪ ಚೆಲ್ಲಿಕೊಂಡೆ. ಅವತ್ತು ನರ್ಸಬಾಯಿ ಕಡ್ಡಿ ತೆಗೆದವಳು ಸುಮ್ಮನೆ ಹೋಗದೆ ಅಂಗೈಯನ್ನು ನನ್ನ ಹಣೆಗೆ ಒತ್ತಿ, ಕುತ್ತಿಗೆಗೆ ಒತ್ತಿ ನೋಡಿದಳು. ಸಿಕ್ಕಿಬಿದ್ದೆ ಅಂದುಕೊಂಡೆ. ಅವಳು, "ಖರೇನೇ ಹೋಗ್ಯಾದ" ಎಂದಳು. ಕಡ್ಡಿ ಸುಳ್ಳು ಹೇಳುವ ಹೊತ್ತಿಗೆ ಜ್ವರವೂ ನಿಜಕ್ಕೇ ಬಿಟ್ಟಿತ್ತು.

ಅದೇ ಮಧ್ಯಾಹ್ನ ಎದೆ ಬಿಗಿಯಿತು. ಕುಪ್ಪಸ ಒದ್ದೆಯಾಯಿತು. ಕೂಸು ಬಾಯಿ ಹಾಕಿ ಎಳೆದು, ಒಂದು ಗಳಿಗೆ ನಿಂತು, ಕಣ್ಣು ಅರಳಿಸಿ, ಮತ್ತೆ ಎಳೆಯತೊಡಗಿತು. ಅದರ ಗಂಟಲಲ್ಲಿ ಗುಟುಕ್ ಗುಟುಕ್ ಎನ್ನುವ ಸದ್ದು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಅವ್ವ ನೆಟಿಕೆ ಮುರಿದು, "ಪಥ್ಯ ಮಾಡಿದ್ದಕ್ಕ ಬಂತು ನೋಡು ಫಲ" ಎಂದಳು. ನರ್ಸಬಾಯಿ ಸ್ಟೂಲಿನ ಮೇಲಿನ ತಂಬಿಗೆ ತೋರಿಸಿ, "ನಾ ಹೇಳಿದ್ದಿಲ್ಲ? ನೀರು ಕುಡದದ್ದಕ್ಕ ಬಂತು" ಎಂದಳು. ಇಬ್ಬರೂ ಗೆದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಹಾಲೂಡಿಸಿದೆ.

ಒಂಬತ್ತನೆಯ ದಿನ ನಸುಕಿನಲ್ಲಿ ಗಾಡಿ ಬಂತು. ಹೊರಡುವ ಹೊತ್ತಿಗೆ ಕೂಸು ಸೀನಿತು. ಒಂದೇ ಒಂದು ಸೀನು. ಅವ್ವ ನಿಂತಳು. ನನ್ನ ಬಲಗೈ ಹಿಡಿದು ಕೂಸಿನ ನೆತ್ತಿಯ ಮೇಲೆ ಇಟ್ಟಳು.

"ಖರೇ ಹೇಳು. ಒಂದ್ ಗುಟುಕರೇ ನುಂಗೀಯೇನು?"

ಅಂಗೈ ಕೆಳಗೆ ಕೂಸಿನ ನೆತ್ತಿ ಪುಟಪುಟ ಮಿಡಿಯುತ್ತಿತ್ತು. "ಇಲ್ಲವ್ವ" ಎಂದೆ. ದವಾಖಾನೆಯಿಂದ ಬಿಡುಗಡೆಯಾಯಿತು, ಆ ಆಣೆಯಿಂದ ಆಗಲಿಲ್ಲ. ಇನ್ನು ಜೀವ ಹೋದರೂ ನಿಜ ಹೇಳುವಂತಿರಲಿಲ್ಲ. ಹೇಳಿದರೆ, ಕೂಸಿಗೆ ಮುಂದೆ ಏನೇ ಆದರೂ ತಾಯಿಯ ಸುಳ್ಳಾಣೆಯೇ ಅದನ್ನು ತಿಂದಿತು ಎಂದಾಗುತ್ತಿತ್ತು. ನಾನೂ ಹಾಗೇ ನಂಬಿದ್ದೆ.

ಖಜೂರಿಯ ಗಡಿ ನಾಕೆಯಲ್ಲಿ ಕಾವಲಿನವನೊಬ್ಬ ಗಾಡಿಯ ಪರದೆ ಎತ್ತಿ ನೋಡಿದ. ಬಾಣಂತಿ, ಹಸಿಕೂಸು ಕಂಡು ಪರದೆ ಬಿಟ್ಟ. ಗಡಿ ದಾಟಿ ಅಪ್ಪನ ಬೀಗರೊಬ್ಬರ ಊರು ಮುಟ್ಟಿದೆವು. ಅವರು ತಮ್ಮ ದನದ ಕೊಟ್ಟಿಗೆಯನ್ನು ಸಾರಿಸಿ ಕೊಟ್ಟರು. ನನ್ನ ಅಣ್ಣ ಮತ್ತು ಅತ್ತಿಗೆ ಮತ್ತೊಂದು ಗಾಡಿಯಲ್ಲಿ ಬಂದಿದ್ದರು. ಅತ್ತಿಗೆ ನನಗಿಂತ ಒಂದು ವರ್ಷ ಸಣ್ಣವಳು, ತುಂಬು ಬಸುರಿ. ಅವಳ ತವರು ಭೀಮೆಯ ಆಚೆ, ಜೇವರ್ಗಿ ಕಡೆ. ಅಲ್ಲಿಗೆ ಕಳಿಸುವ ದಾರಿಯೇ ಇರಲಿಲ್ಲ. ಇಪ್ಪತ್ತು ದಿನದ ಮೇಲೆ ಅವಳು ಆ ಕೊಟ್ಟಿಗೆಯಲ್ಲೇ ಗಂಡುಮಗು ಹಡೆದಳು. ಹೆರಿಗೆ ಸುಸೂತ್ರವಾಯಿತು. ಸೊಸೆಯ ಬಾಣಂತನ ಅವ್ವನದೇ.

ಇಲ್ಲಿ ನರ್ಸಬಾಯಿ ಇರಲಿಲ್ಲ, ಅಡ್ಡಗಾಲು ಹಾಕುವವರು ಯಾರೂ ಇರಲಿಲ್ಲ. ಕೆಂಡ ಬಂತು, ಕಿಟಕಿ ಎನ್ನುವ ಗೂಡಿಗೆ ಗೋಣಿ ಬಂತು, ನೀರು ನಿಂತಿತು. ಎರಡನೆಯ ದಿನ ಅತ್ತಿಗೆ ನೀರು ಬೇಡಿದಾಗ ಅವ್ವ ನನ್ನ ಕಡೆ ಬೆರಳು ಮಾಡಿದಳು. "ಇಕಿನ ನೋಡು. ಜ್ವರದಾಗ ಬಿದ್ದು, ಒಂಬತ್ತು ದಿನ ಒಂದ್ ಹನಿ ಮುಟ್ಟಿಲ್ಲ. ಹಾಲು ಹ್ಯಾಂಗ ಸುರಿಯಾಕತ್ತದ ನೋಡು. ಕೇಳು ಬೇಕಂದ್ರ."

ಅತ್ತಿಗೆ ನನ್ನನ್ನು ನೋಡಿದಳು. "ಹೌದೇನ್ ಯವ್ವಾ? ನೀ ಹ್ಯಾಂಗ ತಡಕೊಂಡಿ?"

ನಾನು ಏನು ಹೇಳಿದೆ ಗೊತ್ತೇ? "ತಡಕೋಬೇಕು, ಆಗ್ತದ" ಎಂದೆ. ಈ ಮಾತು ಬರೆಯುವಾಗ ಈಗಲೂ ನನ್ನ ಕಿವಿ ಸುಡುತ್ತದೆ. ನನ್ನ ಮಗಳು ಮಗ್ಗುಲಲ್ಲಿ ಮಲಗಿತ್ತು. ಅದರ ನೆತ್ತಿ ನೋಡಿಕೊಂಡೇ ಆ ಸುಳ್ಳು ಹೇಳಿದೆ.

ಮೂರನೆಯ ದಿನ ಅವಳಿಗೂ ಮೈ ಬೆಚ್ಚಗಾಯಿತು. ಹಾಲಿಲ್ಲ. ಅವಳ ಮಗುವಿಗೆ ನಾನೇ ಎದೆ ಕೊಟ್ಟೆ. ಅದು ಕುಡಿದರೆ ನನ್ನ ಮಗಳಿಗೆ ಸಾಲದು, ಮಗಳು ಕುಡಿದರೆ ಅದಕ್ಕೆ ಸಾಲದು. ಎರಡು ಕೂಸು ಸರದಿಯ ಮೇಲೆ ಅತ್ತವು. ಅಕ್ಕಪಕ್ಕದ ಹೆಂಗಸರು ಬಂದು ನನ್ನನ್ನು ಹೊಗಳಿದರು, ಗಟ್ಟಿಗಿತ್ತಿ ಎಂದರು. ಅತ್ತಿಗೆ ಗೋಡೆಯ ಕಡೆ ಹೊರಳಿ, "ನನ್ನ ಎದಿನೇ ದರಿದ್ರ" ಎಂದು ಅಳುತ್ತಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ ಒಳಗೆ ಹೋದಾಗ ಅವಳು ಕೂಸಿನ ಮೈ ಒರೆಸಿ ಇಟ್ಟಿದ್ದ ಒದ್ದೆ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಹೀರುತ್ತಿದ್ದಳು. ನನ್ನನ್ನು ಕಂಡು ಗಡಬಡಿಸಿ ಬೆನ್ನ ಹಿಂದೆ ಬಚ್ಚಿಟ್ಟಳು. ನನಗೆ ಹೆದರಿದಳು! ನಾನೂ ಅವಳ ಪಾಲಿಗೆ ಇನ್ನೊಬ್ಬ ಕಾವಲುಗಾರ್ತಿಯಾಗಿದ್ದೆ.

ಕೊಟ್ಟಿಗೆಯ ಹಿಂದಿನ ಹರವಿಯಿಂದ ತಂಬಿಗೆ ತುಂಬಿಕೊಂಡು ಬಂದೆ. ಅವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು.

"ಯಾರಿಗದು?"

"ಅತ್ತಿಗಿಗಿ."

"ತಲಿ ಕೆಟ್ಟದೇನು ನಿಂದು? ನೀ ಒಂಬತ್ತು ದಿನ…"

"ನಾ ಕುಡದೀನವ್ವ. ದವಾಖಾನ್ಯಾಗ ನಾಕೂ ಸಲ ನುಂಗೀನಿ. ನೀ ಬಾಗಲಾಗ ನಿಂತಾಗ. ಕುಡದ ಮ್ಯಾಲೇ ಜ್ವರ ಬಿಡ್ತು, ಕುಡದ ಮ್ಯಾಲೇ ಹಾಲು ಬಂತು."

"ಕೂಸಿನ ತಲಿ ಮ್ಯಾಲ ಕೈ ಇಟ್ಟಿದ್ದಿ."

"ಸುಳ್ಳ ಹೇಳಿದೆ."

ಅವ್ವನ ಕೈ ಎದ್ದಿತು. ಹೊಡೆಯಲಿ ಎಂದು ನಿಂತೆ. ಕೈ ಅರ್ಧಕ್ಕೇ ನಿಂತು ಮೊರದ ಮೇಲೆ ಬಿತ್ತು. ಅವಳು ಒಳಗೆ ಇಣುಕಿ ನನ್ನ ಮಗಳನ್ನು ನೋಡಿದಳು. ತಿಂಗಳ ಕೂಸು, ದುಂಡಗಾಗಿತ್ತು, ಮುಷ್ಟಿ ಬಾಯಿಗಿಟ್ಟುಕೊಂಡು ನಿದ್ದೆ ಹೋಗಿತ್ತು. ಬಹಳ ಹೊತ್ತು ನೋಡಿದಳು. ನಾನು ಅವಳನ್ನು ದಾಟಿ ಒಳಗೆ ಹೋಗಿ ಅತ್ತಿಗೆಯ ತಲೆ ಎತ್ತಿ ತಂಬಿಗೆಯನ್ನು ತುಟಿಗೆ ಹಚ್ಚಿದೆ. ಅತ್ತಿಗೆ ಅತ್ತೆಯ ಮುಖ ನೋಡಿದಳು, ಆಮೇಲೆ ಎರಡೂ ಕೈಯಿಂದ ತಂಬಿಗೆ ಹಿಡಿದುಕೊಂಡಳು.

"ಹಂಗಾರ ನನ್ನವು ಎರಡು?" ಎಂದಳು ಅವ್ವ.

ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅಣ್ಣನಿಗಿಂತ ಮುಂಚೆ ಅವ್ವನಿಗೆ ಎರಡು ಕೂಸು ಹುಟ್ಟಿ ಹೋಗಿದ್ದವು. ಅಜ್ಜಿ ಒಮ್ಮೆ ಹೇಳಿದ್ದಳು. ಅವ್ವ ತನ್ನ ಬಾಯಿಂದ ಎಂದೂ ಎತ್ತಿರಲಿಲ್ಲ. ಎರಡೂ ಹತ್ತು ಹದಿನೈದು ದಿನದೊಳಗೆ, ಎದೆಯಲ್ಲಿ ಹಾಲಿಲ್ಲದೆ. ಅವಳ ಹಣೆಬರಹ ಎಂದು ಎಲ್ಲರೂ ಹೇಳಿದ್ದರು, ಅವಳೂ ಹಾಗೆಂದೇ ನಂಬಿ ಇಷ್ಟು ವರ್ಷ ಬದುಕಿದ್ದಳು.

"ನಾ ಒಂದ್ ಹನಿನೂ ಮುಟ್ಟಿದ್ದಿಲ್ಲ" ಎಂದಳು. ದೂರುವ ದನಿಯಲ್ಲ. ಶಾಲೆಯ ಹುಡುಗಿ ಪಾಠ ಒಪ್ಪಿಸಿದ ಹಾಗೆ ಹೇಳಿದಳು.

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅಲ್ಲವ್ವ, ಅವು ಬೇರೆ ಯಾವುದರಿಂದಲೋ ಹೋಗಿರಬೇಕು ಎನ್ನಬಹುದಿತ್ತು. ಅಷ್ಟು ಹೊತ್ತಿಗೆ ನನಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ಅತ್ತಿಗೆ ಉಸಿರು ಬಿಡದೆ ಕುಡಿದು, ಖಾಲಿ ತಂಬಿಗೆ ಕೆಳಗಿಟ್ಟು, ಇನ್ನೂ ಬೇಕೆನ್ನಲು ಹೆದರಿ, ಅದರ ಕಡೆಯೇ ನೋಡುತ್ತಿದ್ದಳು.

ಅವ್ವ ಮೊರ ಬದಿಗಿಟ್ಟು ಎದ್ದಳು. ಒಳಗೆ ಬಂದು ತಂಬಿಗೆ ತೆಗೆದುಕೊಂಡು ಹೊರಗೆ ಹೋದಳು. ನೀರಿನ ಹರವಿ ಕೊಟ್ಟಿಗೆಯ ಹಿಂದೆಯೇ, ನಾಲ್ಕು ಹೆಜ್ಜೆಯಲ್ಲಿತ್ತು. ಅವಳು ಬಹಳ ಹೊತ್ತು ತಿರುಗಿ ಬರಲಿಲ್ಲ.